ವೇಗದ ಕಡಿವಾಣ

ಹೊಲವನ್ನು ಉಳುತ್ತಿರುವ ಹಳೆಯ ಟ್ರ್ಯಾಕ್ಟರೊಂದರ ಸದ್ದನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ನೇಗಿಲು ಗಟ್ಟಿ ನೆಲಕ್ಕೆ ತಾಗಿದೊಡನೆ ಎಂಜಿನಿನ ದನಿ ಒಮ್ಮೆ ಕುಗ್ಗುತ್ತದೆ. ಚಾಲಕನು ಏನನ್ನೂ ಮುಟ್ಟದಿದ್ದರೂ ಮರುಗಳಿಗೆಯಲ್ಲಿ ಅದು ಚೇತರಿಸಿಕೊಂಡು ಮೊದಲಿನ ವೇಗಕ್ಕೆ ಬರುತ್ತದೆ. ಎತ್ತುಗಳನ್ನು ಎಚ್ಚರಿಸಲು ಹಿಂದೆ ಬಾರುಕೋಲು ಹಿಡಿದ ಒಕ್ಕಲಿಗನಿರುತ್ತಾನೆ. ಇಲ್ಲಿ ಆ ಕೆಲಸವನ್ನು ಮಾಡುವುದು ಎಂಜಿನಿಗೆ ಅಂಟಿಕೊಂಡಿರುವ ಒಂದು ಚಿಕ್ಕ ಸಾಧನ. ಅದರ ಹೆಸರು ಗವರ್ನರು. ಅದಕ್ಕೆ ಅಸ್ವಾಸ್ಥ್ಯ ಉಂಟಾದರೆ ಎಂಜಿನು ಜ್ವರ ಬಂದವನಂತೆ ಏದುಸಿರು ಬಿಡತೊಡಗುತ್ತದೆ; ವೇಗವು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಈ ವ್ಯಾಧಿಯ ಚರಿತ್ರೆ ಟ್ರ್ಯಾಕ್ಟರಿಗಿಂತಲೂ ಹಳೆಯದು. ಅದನ್ನು ಅರಿಯದೆ ಮದ್ದು ಹುಡುಕಹೊರಟವನು ಕೆಡದಿದ್ದ ಭಾಗವನ್ನೂ ಕೆಡಿಸುವುದುಂಟು.

ಗವರ್ನರಿನ ತವರುಮನೆ ಹಿಟ್ಟಿನ ಗಿರಣಿ. ಗಾಳಿ ಬಿರುಸಾದಾಗ ಗಾಳಿಯಂತ್ರದ ಬೀಸುಕಲ್ಲುಗಳು ಒಂದರಿಂದೊಂದು ದೂರ ಸರಿಯುತ್ತಿದ್ದವು, ಹಿಟ್ಟು ತರಿಯಾಗುತ್ತಿತ್ತು. ತಿರುಗುವ ಗುಂಡುಗಳ ನೆರವಿನಿಂದ ಆ ಅಂತರವನ್ನು ಸರಿಪಡಿಸುವ ಉಪಾಯವನ್ನು ಇಂಗ್ಲೆಂಡಿನ ಗಿರಣಿಗಾರರು ಕಂಡುಕೊಂಡಿದ್ದರು. ೧೭೮೭ರಲ್ಲಿ ಥಾಮಸ್ ಮೀಡ್ ಎಂಬಾತನು ಇಂಥ ಗುಂಡುಗಳಿಂದ ಗಾಳಿಯಂತ್ರದ ರೆಕ್ಕೆಗಳನ್ನೇ ನಿಯಂತ್ರಿಸುವ ಸಾಧನಕ್ಕೆ ಪೇಟೆಂಟು ಪಡೆದನು. ಮರುವರ್ಷ, ೧೭೮೮ರಲ್ಲಿ, ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಈ ಬಗೆಯ ಯಂತ್ರವನ್ನು ಕಂಡ ಮ್ಯಾಥ್ಯೂ ಬೋಲ್ಟನ್ನನು ತನ್ನ ಪಾಲುಗಾರ ಜೇಮ್ಸ್ ವಾಟ್‌ಗೆ ಆ ಸುದ್ದಿಯನ್ನು ಬರೆದು ತಿಳಿಸಿದನು. ವಾಟ್ ಅದೇ ವರ್ಷ ಆ ತತ್ತ್ವವನ್ನು ಉಗಿಯಂತ್ರಕ್ಕೆ ಅಳವಡಿಸಿದನು. ವಾಟ್‌ನ ಹೆಸರಿನೊಡನೆ ಇಂದಿಗೂ ಸೇರಿಕೊಂಡಿರುವ ಈ ಸಾಧನದ ಮೂಲಕಲ್ಪನೆ ಅವನದಾಗಿರಲಿಲ್ಲವೆಂಬುದು ಗಮನಾರ್ಹ.

ಅದರ ತತ್ತ್ವ ಸರಳವಾದುದು. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸಿದ ಯಾವ ಬಾಲಕನಿಗೂ ಗೊತ್ತು: ವೇಗ ಹೆಚ್ಚಿದಷ್ಟೂ ಕಲ್ಲು ಹೊರಕ್ಕೆ ಚಿಮ್ಮುತ್ತದೆ. ಎಂಜಿನಿನಿಂದಲೇ ತಿರುಗುವ ಎರಡು ಗುಂಡುಗಳು ಹೀಗೆ ಹೊರಚಾಚಿದಾಗ ಸನ್ನೆಗೋಲುಗಳ ಮೂಲಕ ಉಗಿಯ ಕವಾಟವನ್ನು ಕಿರಿದುಗೊಳಿಸುತ್ತವೆ. ವೇಗ ತಗ್ಗಿದಾಗ ಒಳಸೇರಿ ಕವಾಟವನ್ನು ತೆರೆಯುತ್ತವೆ. ಯಂತ್ರವು ತನ್ನ ತಪ್ಪನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳುತ್ತದೆ.

ಆದರೆ ತಿದ್ದುವವನೇ ಅವಸರಪಟ್ಟರೆ? ೧೮೪೦ರಲ್ಲಿ ಗ್ರೀನಿಚ್ಚಿನ ಖಗೋಲವಿಜ್ಞಾನಿ ಜಾರ್ಜ್ ಏರಿ ಈ ಪ್ರಶ್ನೆಯನ್ನು ಗಣಿತದ ಮೂಲಕ ವಿಚಾರಿಸಿದನು. ನಕ್ಷತ್ರಗಳ ಚಲನೆಯನ್ನು ಅನುಸರಿಸಿ ದೂರದರ್ಶಕವನ್ನು ಸಮವೇಗದಲ್ಲಿ ತಿರುಗಿಸಬೇಕಾಗಿದ್ದ ಅವನ ನಿಯಂತ್ರಕವು ಕೆಲವೊಮ್ಮೆ ಹುಚ್ಚೆದ್ದಂತೆ ಓಲಾಡುತ್ತಿತ್ತು. ಉಗಿಯಂತ್ರಗಳಲ್ಲಿಯೂ ಇದೇ ಕಾಟ ಹೆಚ್ಚಿತು. ಸೋಜಿಗವೆಂದರೆ, ಯಂತ್ರಗಳನ್ನು ಹೆಚ್ಚು ನಯವಾಗಿ ನಿರ್ಮಿಸಿ ಘರ್ಷಣೆಯನ್ನು ಕಡಮೆ ಮಾಡಿದುದೂ ಈ ಓಲಾಟಕ್ಕೆ ಒಂದು ಕಾರಣವಾಗಿತ್ತು. ೧೮೬೮ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಗವರ್ನರುಗಳನ್ನು ಕುರಿತ ತನ್ನ ಪ್ರಬಂಧದಲ್ಲಿ, ಒಮ್ಮೆ ಉಂಟಾದ ವ್ಯತ್ಯಯವು ಯಾವ ನಿಯಮದಂತೆ ಅಡಗುವುದು, ಯಾವ ನಿಯಮದಂತೆ ಬೆಳೆಯುತ್ತ ಹೋಗುವುದು ಎಂಬುದನ್ನು ತೋರಿಸಿದನು. ೧೮೭೬ರಲ್ಲಿ ರಷ್ಯದ ವಿಶ್ನೆಗ್ರಾಡ್‌ಸ್ಕಿ, ಓಲಾಟವನ್ನು ನುಂಗುವ ತಡೆ ಇಲ್ಲದೆ ಸೂಕ್ಷ್ಮವಾದ ಗವರ್ನರು ನೆಟ್ಟಗೆ ನಡೆಯದೆಂದು ಸ್ಥಾಪಿಸಿದನು.

ಈ ಜ್ಞಾನದ ಬಾಧ್ಯಸ್ಥಿಕೆ ಹೊಲದ ಯಂತ್ರಕ್ಕೂ ಬಂದಿತು. ೧೯೩೯ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್ ೯ಎನ್ ಟ್ರ್ಯಾಕ್ಟರಿನಲ್ಲಿಯೂ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದ ಫರ್ಗುಸನ್ ಟಿಇ೨೦ ಮಾದರಿಯ ಪೆಟ್ರೋಲು ಯಂತ್ರಗಳಲ್ಲಿಯೂ ವಾಟ್‌ನ ತತ್ತ್ವವೇ ಚಿಕ್ಕ ರೂಪದಲ್ಲಿ ದುಡಿಯುತ್ತದೆ. ಚಾಲಕನು ಕೈಸನ್ನೆಯನ್ನು ಸರಿಸಿದಾಗ ಒಂದು ಸ್ಪ್ರಿಂಗು ಬಿಗಿಯುತ್ತದೆ. ಅದು ಕಾರ್ಬುರೇಟರಿನ ತಟ್ಟೆಯನ್ನು ತೆರೆಯಲು ಎಳೆಯುತ್ತದೆ. ತಿರುಗುವ ತೂಕಗಳು ಅದನ್ನು ಮುಚ್ಚಲು ಹವಣಿಸುತ್ತವೆ. ಇವೆರಡರ ಸಮತೋಲವೇ ಎಂಜಿನಿನ ವೇಗ.

ಇದನ್ನು ಅರಿತವನಿಗೆ ದೋಷಪರೀಕ್ಷೆಯ ಕ್ರಮವು ತಾನಾಗಿಯೇ ಹೊಳೆಯುತ್ತದೆ. ಮೊದಲು ಎಂಜಿನನ್ನು ನಿಲ್ಲಿಸಿ ಕೈಸನ್ನೆಯನ್ನು ಪೂರ್ಣವೇಗಕ್ಕೆ ಇಡಬೇಕು. ಆಗ ಸ್ಪ್ರಿಂಗಿನ ಎಳೆತಕ್ಕೆ ಎದುರಾಳಿಯಿಲ್ಲದುದರಿಂದ ಕಾರ್ಬುರೇಟರಿನ ತಟ್ಟೆ ಪೂರ್ತಿ ತೆರೆದಿರಬೇಕು. ತೆರೆದಿರದಿದ್ದರೆ ಜೋಡಣೆಯ ಸರಳಿನ ಉದ್ದ ತಪ್ಪಿದೆ, ಇಲ್ಲವೆ ಸ್ಪ್ರಿಂಗು ಸೊರಗಿದೆ. ಭಾರ ಬಿದ್ದಾಗ ಎಂಜಿನು ಸೋಲುವುದು ಇದರಿಂದಲೇ. ಅನಂತರ ಸರಳನ್ನು ಕಳಚಿ ತಟ್ಟೆಯ ಅಚ್ಚನ್ನು ಬೆರಳಿನಿಂದ ಆಡಿಸಿ ನೋಡಬೇಕು. ಅದು ಎಲ್ಲಿಯೂ ಅಂಟಬಾರದು, ಸಡಿಲವಾಗಿ ಗಡಗಡಿಸಲೂ ಬಾರದು. ಸವೆದು ಅಗಲವಾದ ರಂಧ್ರಗಳಿದ್ದರೆ ಗವರ್ನರಿನ ಆಜ್ಞೆ ತಡವಾಗಿ ತಲುಪುತ್ತದೆ. ತುಕ್ಕು ಹಿಡಿದ ಕೀಲುಗಳಿದ್ದರೆ ಅದು ತಡೆದು ತಡೆದು ಒಮ್ಮೆಲೇ ನುಗ್ಗುತ್ತದೆ. ಎರಡರ ಫಲವೂ ಓಲಾಟವೇ.

ಇಲ್ಲಿ ಜಿಜ್ಞಾಸುವಿಗೆ ಒಂದು ಶಂಕೆ ಬರಬಹುದು. ಓಲಾಟಕ್ಕೆ ತಡೆ ಬೇಕೆಂದು ವಿಶ್ನೆಗ್ರಾಡ್‌ಸ್ಕಿ ಹೇಳಿದನಲ್ಲ, ತುಕ್ಕೂ ಒಂದು ತಡೆಯಲ್ಲವೆ? ಅಲ್ಲ. ಅವನು ಬಯಸಿದುದು ಎಣ್ಣೆಯೊಳಗೆ ಚಲಿಸುವ ವಸ್ತುವಿಗೆ ಒದಗುವಂಥ, ವೇಗಕ್ಕೆ ತಕ್ಕಂತೆ ಹೆಚ್ಚುವ ಮೃದುವಾದ ತಡೆಯನ್ನು. ತುಕ್ಕಿನ ತಡೆ ಮೊಂಡುತನದ್ದು. ಅದು ಚಿಕ್ಕ ತಿದ್ದುಪಡಿಯನ್ನು ತಡೆಹಿಡಿದು ದೊಡ್ಡ ತಪ್ಪಿಗೆ ದಾರಿ ಮಾಡುತ್ತದೆ.

ಕೀಲುಗಳೆಲ್ಲ ಸರಿಯಿದ್ದೂ ಓಲಾಟ ನಿಲ್ಲದಿದ್ದರೆ ಸರಳನ್ನು ಮತ್ತೆ ಜೋಡಿಸಿ, ಎಂಜಿನನ್ನು ಮಂದವೇಗದಲ್ಲಿ ನಡೆಸಿ, ಅನುಭವಿಯಾದವನು ಬೀಸಣಿಗೆಯಿಂದಲೂ ಪಟ್ಟಿಯಿಂದಲೂ ಕೈಯನ್ನು ದೂರವಿಟ್ಟು ಆ ಸರಳನ್ನು ಒಂದೇ ನಿಲುವಿನಲ್ಲಿ ಹಿಡಿದು ನೋಡಬಹುದು. ಆಗ ವೇಗ ಸ್ಥಿರವಾದರೆ ದೋಷ ಗವರ್ನರಿನ ಕಡೆಗಿದೆ. ಆಗಲೂ ಏರಿಳಿದರೆ ಗವರ್ನರು ನಿರಪರಾಧಿ. ಇಂಧನದ ಮಾರ್ಗದಲ್ಲಿ ಕಸ ಕಟ್ಟಿರಬಹುದು, ಗಾಳಿ ಎಲ್ಲಿಯೋ ಒಳನುಸುಳುತ್ತಿರಬಹುದು, ಕಿಡಿ ತಪ್ಪುತ್ತಿರಬಹುದು. ಗವರ್ನರನ್ನು ಕಳಚಿಟ್ಟು ಎಂಜಿನನ್ನು ನಡೆಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಭಾರ ಒಮ್ಮೆಲೇ ತಪ್ಪಿದರೆ ಕಡಿವಾಣವಿಲ್ಲದ ಎಂಜಿನು ಮಿತಿಮೀರಿ ಓಡಿ ತನ್ನನ್ನೇ ಮುರಿದುಕೊಂಡೀತು. ಬಳಿಯಿದ್ದವರ ಜೀವಕ್ಕೂ ಅಪಾಯ.

ಗವರ್ನರ್ ಎಂಬ ಪದದ ಮೂಲ ಗ್ರೀಕಿನಲ್ಲಿದೆ. ಹಡಗಿನ ಚುಕ್ಕಾಣಿ ಹಿಡಿಯುವವನೆಂದು ಅದರ ಅರ್ಥ. ೧೯೪೮ರಲ್ಲಿ ನಾರ್ಬರ್ಟ್ ವೀನರನು ನಿಯಂತ್ರಣಶಾಸ್ತ್ರಕ್ಕೆ ಸೈಬರ್ನೆಟಿಕ್ಸ್ ಎಂಬ ಹೆಸರನ್ನಿಟ್ಟಾಗ ಅದೇ ಗ್ರೀಕ್ ಪದವನ್ನು ಆರಿಸಿದನು, ಮ್ಯಾಕ್ಸ್‌ವೆಲ್ಲನ ಪ್ರಬಂಧವನ್ನೂ ಸ್ಮರಿಸಿದನು. ಇಂದಿನ ಹೊಸ ಟ್ರ್ಯಾಕ್ಟರುಗಳಲ್ಲಿ ಗುಂಡುಗಳ ಕೆಲಸವನ್ನು ವಿದ್ಯುನ್ಮಾನ ಸಾಧನಗಳು ಮಾಡುತ್ತಿವೆ. ಅಳೆದು ತಿದ್ದುವ ತತ್ತ್ವ ಮಾತ್ರ ಬದಲಾಗಿಲ್ಲ. ತಪ್ಪನ್ನು ಬೇಗ ಕಾಣಬೇಕು, ಮೆಲ್ಲಗೆ ತಿದ್ದಬೇಕು. ತರಗತಿಯಲ್ಲಿ ನಿಂತ ಉಪಾಧ್ಯಾಯನಿಗೂ ಇದು ಹೊಸ ಪಾಠವೇನಲ್ಲ.