ಎಫ್ ಕೀಲಿಯೊಳಗ ಸಿಕ್ಕ ಅವ್ವ

ಮೊನ್ನೆ ಅವ್ವನ ಅಡಿಗಿ ವಹಿ ಟೈಪ್ ಮಾಡ್ಲಿಕ್ಕೆ ಕೂತಿದ್ದೆ. ಪೆನ್ಸಿಲ್ಲಿನಾಗ ಬರದದ್ದು, ಅರ್ಧ ಅಳಿಸಿ ಹೋಗೇದ. ಈಗ ಬರದಿಡದಿದ್ರ ಮುಂದ ಉಳಿಯೂದಿಲ್ಲ, ಕೇಳೋಣಂದ್ರ ಅವ್ವ ಇಲ್ಲ. ನಾಕು ಸಾಲು ಆದಮ್ಯಾಲೆ ತಲಿ ಎತ್ತಿ ನೋಡ್ತೀನಿ, ಹುಗ್ಗಿ ‘ಹುಗಗಿ’ ಆಗೇದ, ಅಕ್ಕಿ ‘ಅಕಕಿ’. ಅವ್ವನೂ ‘ಅವವ’!

ತಂತ್ರಾಂಶನ ಕೆಟ್ಟದ ಅನ್ಕೊಂಡು ತಗದು ಮತ್ತ ಹಾಕಿದೆ. ಅದೇ ಹಾಡು. ಒತ್ತಕ್ಷರ ತರೂದು ಎಫ್ ಕೀಲಿ ಅಲ್ಲೇನ್ರಿ, ಇಂಗ್ಲಿಷಿಗೆ ಬದಲಿಸಿ ಅದನ್ನೊಂದ ಒತ್ತಿದೆ. ಬರ್ಲಿಲ್ಲ. ಪರದೆ ಮ್ಯಾಲೆ ತೋರಸೋ ಕೀಬೋರ್ಡಿನಾಗ ಮೌಸಿನಿಂದ ಒತ್ತಿದ್ರ ಬಂತು. ಅಂದ್ರ ಕಂಪ್ಯೂಟರ್ ನೆಟ್ಟಗದ, ಕೆಟ್ಟದ್ದು ಕೀಲಿ.

ಒಂದು ಕೀಲಿ ಹೋದ್ರ ಎಲ್ಲಾ ಒತ್ತಕ್ಷರ ಯಾಕ ಹೋಗ್ಬೇಕು? ಮೊದಲು ಹಿಂಗಿರಲಿಲ್ಲ. ಪಿಯುಸಿ ಆದಮ್ಯಾಲೆ ನಾ ಆರು ತಿಂಗಳು ಕನ್ನಡ ಟೈಪಿಂಗ್ ಕಲಿಲಿಕ್ಕೆ ಹೋಗಿದ್ದೆ. ಅನಂತ ಸುಬ್ಬರಾಯರು ಕನ್ನಡಕ್ಕ ಹೊಂದಿಸಿಕೊಟ್ಟ ಯಂತ್ರ ಅದು. ಅದರಾಗ ಒತ್ತುಗಳು ಬ್ಯಾರೆ ಬ್ಯಾರೆ ಕೀಲಿ ಮ್ಯಾಲೆ ಕೂತಿದ್ವು, ಅಕ್ಷರಾನ ತುಂಡು ತುಂಡು ಜೋಡಿಸಬೇಕಿತ್ತು. ಕ-ಒತ್ತಿನ ಕೀಲಿ ಸಿಕ್ಕೊಂಡ್ರ ಅಕ್ಕಿ ಕೆಡ್ತಿತ್ತು, ಅವ್ವ ಉಳೀತಿದ್ಲು.

ಈಗಿನ ಕೀಬೋರ್ಡ್ ಮೂಲತಃ ಇಂಗ್ಲಿಷಿಂದು. 1874ರಾಗ ಅಮೆರಿಕಾದ ರೆಮಿಂಗ್ಟನ್ ಕಂಪನಿ ಮಾರಿದ ಶೋಲ್ಸ್‌ನ ಯಂತ್ರದಾಗೂ ಎಫ್ ಇದ್ದದ್ದು ಡಿ-ಜಿ ನಡುವ, ಇವತ್ತೂ ಅಲ್ಲೇ ಅದ. ಆ 26 ಅಕ್ಷರದ ಕೀಲಿಗಳೊಳಗ ಕನ್ನಡಾನ ಕೂಡಿಸಿ ಕೊಟ್ಟವರು ಮಂಗಳೂರು ಕಡೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರು. ಕೆ ಒತ್ತಿದ್ರ ಕ, ಶಿಫ್ಟ್ ಹಿಡದು ಒತ್ತಿದ್ರ ಖ. ಒತ್ತು ಯಾವುದರ ಇರ್ಲಿ, ನಡುವ ಒಂದು ಎಫ್. ಕೆ, ಎಫ್, ಕೆ ಅಂದ್ರ ‘ಕ್ಕ’. ತುಂಡು ಜೋಡಿಸೋ ಕೆಲಸ ನಮ್ಮ ಬೆರಳಿಂದ ತಂತ್ರಾಂಶಕ್ಕ ಹೋತು. ನುಡಿಯೊಳಗೂ ಇದೇ ಕೀಲಿಮಣೆ, ಸರ್ಕಾರನೂ ಒಪ್ಪೇದ. ನಮ್ಮ ವರ್ಣಮಾಲಿಯೊಳಗ ಎಫ್ ಧ್ವನಿನ ಇಲ್ಲ, ಹಿಂಗಾಗಿ ಆ ಕೀಲಿ ಖಾಲಿ ಇತ್ತು, ಮ್ಯಾಲೆ ಎಡಗೈ ತೋರಬೆರಳಿನ ಕೆಳಗೇ ಬರ್ತದ. ಎಂಥಾ ಜಾಣತನ ಅನಸ್ತದ ನನಗ. ಆದ್ರ ಕೆಟ್ಟಾಗ ಮಾತ್ರ ಎಲ್ಲಾರನೂ ಕೂಡೇ ಕೆಡವ್ತದ.

ಮಗಳು ಫೋನಿನಾಗ, “ಅಮ್ಮಾ, ಇನ್‌ಸ್ಕ್ರಿಪ್ಟ್ ಹಾಕ್ಕೋ, ಅದರಾಗ ಒತ್ತು ಡಿ ಮ್ಯಾಲೆ ಅದ” ಅಂದ್ಲು. ಈ ವಯಸ್ಸಿಗೆ ಮತ್ತ ಮೊದಲಿಂದ ಯಾರು ಕಲೀಬೇಕು!

ವಾಯರ್ ಕಿತ್ತು, ಕೀಬೋರ್ಡ್ ಬೋರಲ ಹಾಕಿ ತಟ್ಟಿದೆ. ಚಕ್ಕುಲಿ ಚೂರು ಉದುರಿದ್ವು, ನಾಚಿಕಿ ಆತು. ಎಫ್ ಮಾತ್ರ ಪೂರಾ ಕೆಳಗ ಇಳೀವಲ್ದು. ಚಮಚದ ಹಿಡಿಕಿಂದ ಮೆಲ್ಲಕ ಅದರ ಟೊಪ್ಪಿಗಿ ಎಬ್ಬಿಸಿದೆ. ಒಳಗೊಂದು ರಬ್ಬರಿನ ಬಟ್ಟಲ, ಅದರ ಬಾಜೂಕ ಎಳ್ಳಿನ ಕಾಳು! ಒಣ ಅರಳಿಯಿಂದ ಒರಸಿ, ಟೊಪ್ಪಿಗಿ ಒತ್ತಿ ಕೂಡ್ರಿಸಿದೆ.

ಮೊದಲು ಹೊಡದದ್ದು ‘ಅವ್ವ’. ಬಂದ್ಲು. ಎಫ್ ಜರಾ ಜೋರ ಒತ್ತಬೇಕು ಈಗ. ವಹಿಯೊಳಗ ಇನ್ನ ಹದಿನೇಳು ಪುಟ ಅವ.