ಮೂರು ಪೌಂಡಿನ ಅಂಗಿ

ನಮ್ಮ ಅಕ್ಕನ ಮಗಳು ಇಂಗ್ಲಂಡಿನಿಂದ ಬಂದಾಗ ಒಂದು ಬ್ಯಾಗ್ ತುಂಬ ಬಟ್ಟಿ ತಂದಿದ್ಲು, ಮನಿ ಹುಡುಗರಿಗೆಲ್ಲಾ ಒಂದೊಂದು. "ಮೌಶಿ, ಒಂದು ಅಂಗಿಗೆ ಮೂರ ಪೌಂಡು. ಅಲ್ಲೆ ಒಂದು ಕಪ್ ಕಾಫಿಗೂ ಅಷ್ಟ ಬೀಳ್ತದ" ಅಂದ್ಲು. ನಾವೆಲ್ಲಾ ಮುಟ್ಟಿ ಮುಟ್ಟಿ ನೋಡಿದ್ವಿ. ಹೊಲಿಗಿ ಭಾಳ ನೀಟ ಇತ್ತು. ಕಾಲರಿನ ಚೀಟಿ ನೋಡಿದ್ರ ಬಾಂಗ್ಲಾದೇಶದಾಗ ಹೊಲದದ್ದು.

ನಿಮಗೂ ಹೊಲಿಗಿ ಗೊತ್ತದ. ಎರಡು ತೋಳು, ಕಾಲರ್, ಕಿಸೆ, ಗುಂಡಿ, ಕಾಜಾ. ಮೂರು ಪೌಂಡಿನಾಗ ಅರಿವಿ ಖರ್ಚು, ಹಡಗಿನ ಖರ್ಚು, ಅಂಗಡಿ ಬಾಡಿಗಿ, ಅವರ ಲಾಭ ಎಲ್ಲಾ ತಗದ್ರ ಹೊಲದಾಕಿ ಕೈಗೆ ಏನು ಉಳೀತು? ಈ ಲೆಕ್ಕ ಹಾಕ್ತಾ ಕೂತಾಗ ನನಗ 2013ರ ಏಪ್ರಿಲ್ ತಿಂಗಳು ನೆನಪಾತು. ಟಿವಿಯೊಳಗ ನೀವೂ ನೋಡಿರಬೇಕು, ರಾಣಾ ಪ್ಲಾಜಾ ಅಂತ ಒಂದು ಕಟ್ಟಡ ಬಿದ್ದಿತ್ತು. ಅವತ್ತು "ಅಯ್ಯೋ ಪಾಪ" ಅಂದು ಚಾನಲ್ ಬದಲಿ ಮಾಡಿದವರೊಳಗ ನಾನೂ ಒಬ್ಬಾಕಿ. ಆಮ್ಯಾಲೆ ಓದಿ ತಿಳಕೊಂಡದ್ದನ್ನ ಇಲ್ಲಿ ಬರೀತೀನಿ.

ಢಾಕಾ ಹತ್ರದ ಸಾವಾರ್ ಅನ್ನೂ ಊರಾಗ ಎಂಟು ಅಂತಸ್ತಿನ ಕಟ್ಟಡ ಅದು. ಮ್ಯಾಲೆ ಒಂಬತ್ತನೇದು ಕಟ್ಟಲಿಕ್ಕೆ ಹತ್ತಿದ್ರು. ಕೆಳಗ ಅಂಗಡಿ, ಬ್ಯಾಂಕು. ಮ್ಯಾಲಿನ ಅಂತಸ್ತಿನಾಗ ಐದು ಗಾರ್ಮೆಂಟ್ಸ್ ಫ್ಯಾಕ್ಟರಿ. ಅಂಗಡಿ, ಆಫೀಸಿಗಂತ ಕಟ್ಟಿದ ಕಟ್ಟಡದಾಗ ಸಾವಿರಾರು ಮಂದಿ, ಭಾರದ ಮಿಶಿನ್ನು, ಜನರೇಟರ್ ಎಲ್ಲಾ ತುಂಬಿದ್ರು. ಮ್ಯಾಲಿನ ಅಂತಸ್ತು ಏರಿಸಲಿಕ್ಕೆ ಸರಿಯಾದ ಪರವಾನಗಿನೂ ಇರ್ಲಿಲ್ಲ.

ಏಪ್ರಿಲ್ 23ಕ್ಕ ಗ್ವಾಡಿ, ಕಂಬದಾಗ ದೊಡ್ಡ ಬಿರುಕು ಕಾಣಿಸಿದ್ವು. ಎಲ್ಲಾರನ್ನೂ ಹೊರಗ ಕಳಿಸಿದ್ರು. ಮರುದಿನ ಬ್ಯಾಂಕು ಬಂದ್, ಅಂಗಡಿ ಬಂದ್. ಆದ್ರ ಫ್ಯಾಕ್ಟರಿ ಹುಡುಗ್ಯಾರಿಗೆ ಮಾತ್ರ ಕೆಲಸಕ್ಕ ಬರ್ರಿ ಅಂದ್ರು. ಬರದಿದ್ರ ತಿಂಗಳ ಪಗಾರ ಸಿಗೂದಿಲ್ಲ ಅಂತ ಹೆದರಿಸಿದ್ರಂತ ಬದುಕಿ ಬಂದವರು ಹೇಳಿದ್ರು. ಮುಂಜಾನೆ ಒಂಬತ್ತರ ಸುಮಾರಿಗೆ ಕರೆಂಟ್ ಹೋತು, ಜನರೇಟರ್ ಶುರು ಆತು, ಕಟ್ಟಡ ನಡುಗಿ ಕುಸೀತು. 1134 ಮಂದಿ ಸತ್ರು, ಸುಮಾರು 2500 ಮಂದಿಯನ್ನ ಜೀವಂತ ಹೊರಗ ತಗದ್ರು. ಹೆಚ್ಚಿನವರು ನಮ್ಮ ಮನಿ ಹೆಣ್ಣಮಕ್ಕಳ ವಯಸ್ಸಿನವರು.

ಅದ ಕಟ್ಟಡ, ಅದ ಬಿರುಕು. ಬ್ಯಾಂಕಿನವರು ಮನ್ಯಾಗ ಉಳದ್ರು, ಹೊಲಿಯೂ ಹುಡುಗ್ಯಾರು ಯಾಕ ಮೆಟ್ಟಲ ಹತ್ತಿದ್ರು? ಇದಕ್ಕ ಉತ್ತರ ಸಾವಾರದಾಗ ಅಷ್ಟ ಹುಡುಕಿದ್ರ ಸಿಗೂದಿಲ್ಲ.

ವಿದೇಶದ ದೊಡ್ಡ ಅಂಗಡಿಯವರು ತಾವು ಒಂದು ಗುಂಡಿನೂ ಹಚ್ಚೂದಿಲ್ಲ. ನಮ್ಮ ಕಡೆ ಸೀರಿ ಅಂಗಡಿಯವರು ಫಾಲ್-ಪಿಕೋ ಕೆಲಸ ಹೊರಗ ಕೊಡೂದಿಲ್ಲೇನು, ಹಂಗ. ಅವರು ಏಜೆಂಟರಿಗೆ ಆರ್ಡರ್ ಕೊಡ್ತಾರ, ಏಜೆಂಟರು ಫ್ಯಾಕ್ಟರಿಗೆ, ಆ ಫ್ಯಾಕ್ಟರಿಗೆ ಆಗದಿದ್ರ ಇನ್ನೊಂದು ಸಣ್ಣ ಫ್ಯಾಕ್ಟರಿಗೆ. ರೇಟು ಅಂಗಡಿಯವರು ಮೊದಲ ಕಡದಿರ್ತಾರ, ತಾರೀಖೂ ಅವರ ಹಾಕಿರ್ತಾರ. ಮಾಲು ತಡ ಆದ್ರ ಫ್ಯಾಕ್ಟರಿಯವನು ತನ್ನ ರೊಕ್ಕದಾಗ ವಿಮಾನಕ್ಕ ಹಾಕಿ ಕಳಿಸಬೇಕು, ಇಲ್ಲಾ ರೇಟಿನಾಗ ಕಡಿತ. ಮ್ಯಾಲಿನಿಂದ ಬಂದ ಒತ್ತಡ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಇಳದು ಕೊನಿಗೆ ಮಿಶಿನ್ ಮುಂದ ಕೂತಾಕಿ ಮ್ಯಾಲೆ ಬೀಳ್ತದ. ಆಗ ಅಲ್ಲಿ ಕನಿಷ್ಠ ಪಗಾರ ತಿಂಗಳಿಗೆ 3000 ಟಾಕಾ. ಆ ಐದು ಫ್ಯಾಕ್ಟರಿಯೊಳಗ ಒಂದರಾಗೂ ಕಾರ್ಮಿಕರ ಸಂಘ ಇರ್ಲಿಲ್ಲ. "ನಾ ಒಳಗ ಬರೂದಿಲ್ಲ" ಅಂತ ಒಬ್ಬಾಕಿ ಹೆಂಗ ಅಂದಾಳು?

ಇದು ಯಾರಿಗೂ ಗೊತ್ತಿಲ್ಲದ ಸಂಗತಿ ಆಗಿರ್ಲಿಲ್ಲ. ರಾಣಾ ಪ್ಲಾಜಾ ಬೀಳೂ ಐದು ತಿಂಗಳ ಮೊದಲ, 2012ರ ನವೆಂಬರ್ 24ಕ್ಕ, ತಾಜ್ರೀನ್ ಅನ್ನೂ ಫ್ಯಾಕ್ಟರಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತಿದ್ರು. ಅದಕ್ಕೂ ಮೊದಲ, 2011ರಾಗ, ಢಾಕಾದಾಗ ಒಂದು ಸಭೆ ಆಗಿತ್ತು. ಫ್ಯಾಕ್ಟರಿಗಳನ್ನ ಭದ್ರ ಮಾಡಲಿಕ್ಕೆ ಬಟ್ಟಿ ಕೊಳ್ಳೂ ಕಂಪನಿಗಳು ಸ್ವಲ್ಪ ಹೆಚ್ಚಿನ ರೊಕ್ಕ ಕೊಡ್ರಿ ಅಂತ ಕೇಳಿದಾಗ, ವಾಲ್‌ಮಾರ್ಟ್ ಕಡೆಯವರು ಅಷ್ಟು ಖರ್ಚು ತಮಗ ಪರವಡೂದಿಲ್ಲ ಅಂದದ್ದು ಆ ಸಭೆಯ ಟಿಪ್ಪಣಿಯೊಳಗ ದಾಖಲಾಗೇದ.

ಕಟ್ಟಡ ಬಿದ್ದ ಮ್ಯಾಲೆ ಮಣ್ಣಿನಾಗ ಚೀಟಿ ಸಿಕ್ಕವು. ಪ್ರೈಮಾರ್ಕ್, ಬೆನೆಟನ್, ಮ್ಯಾಂಗೊ, ಕೆನಡಾದ ಜೋ ಫ್ರೆಶ್. ಬೆನೆಟನ್ ಮೊದಲ ತಮಗ ಸಂಬಂಧ ಇಲ್ಲ ಅಂತು, ಆಮ್ಯಾಲೆ ಒಪ್ಪಿಕೊಂತು. ವಾಲ್‌ಮಾರ್ಟ್, ಆ ಕಟ್ಟಡದಾಗ ನಾವು ಒಪ್ಪಿಗಿ ಕೊಟ್ಟ ಕೆಲಸ ನಡದಿರ್ಲಿಲ್ಲ ಅಂತು. ಎರಡು ಫ್ಯಾಕ್ಟರಿಗಳ ತಪಾಸಣಿನೂ ಮೊದಲ ಆಗಿತ್ತು. ಆದ್ರ ಕಟ್ಟಡ ಗಟ್ಟಿ ಅದನೋ ಇಲ್ಲೋ ನೋಡೂದು ಆ ತಪಾಸಣಿಯೊಳಗ ಬರೂದಿಲ್ಲ ಅಂತ ಉತ್ತರ ಬಂತು. ನಡುವ ಅಷ್ಟು ಕೈ ಇದ್ರ ಇದ ಅನುಕೂಲ ನೋಡ್ರಿ. ಲಾಭ ನೆಟ್ಟಗ ಮ್ಯಾಲೆ ಏರ್ತದ, ಹೊಣಿ ಮಾತ್ರ ನಡುವ ಎಲ್ಲೋ ಕಳದು ಹೋಗ್ತದ.

ಇಂಥಾದ್ದು ಅದ ಮೊದಲನೇ ಸಲ ಅಲ್ಲ. 1911ರ ಮಾರ್ಚ್ 25ಕ್ಕ ನ್ಯೂಯಾರ್ಕಿನಾಗ ಟ್ರಯಾಂಗಲ್ ಅನ್ನೂ ಹೊಲಿಗಿ ಫ್ಯಾಕ್ಟರಿಗೆ ಬೆಂಕಿ ಬಿದ್ದು 146 ಮಂದಿ ಸತ್ರು. ಬಾಗಲಿಗೆ ಕೀಲಿ ಹಾಕಿದ್ರು. ಸತ್ತವರು ಹೆಚ್ಚಾಗಿ ಬ್ಯಾರೆ ದೇಶದಿಂದ ಹೊಟ್ಟಿಪಾಡಿಗೆ ಬಂದ ಹುಡುಗ್ಯಾರು. ಆಮ್ಯಾಲೆ ಅಲ್ಲಿ ಕಾಯದೆ ಬಿಗಿ ಆದ್ವು, ಸಂಘ ಬೆಳದ್ವು. ವರ್ಷ ಕಳದಂಗ ಕೆಲಸ ಅಗ್ಗದ ಕೈ ಹುಡುಕ್ಕೊಂಡು ಹೊಂಟು ಕೊರಿಯಾದಂಥಾ ದೇಶಕ್ಕ ಬಂತು. ಒಂದೊಂದು ದೇಶದಿಂದ ಇಷ್ಟ ಬಟ್ಟಿ ತರಸಬೇಕು ಅಂತ ಶ್ರೀಮಂತ ದೇಶಗಳು ಕೋಟಾ ಹಾಕಿದ ಮ್ಯಾಲೆ, ಕೋಟಾದ ತಂಟೆ ಇಲ್ಲದ ಬಾಂಗ್ಲಾದೇಶಕ್ಕ ಬಂತು. 1970ರ ದಶಕದ ಕೊನಿಗೆ ದೇಶ್ ಗಾರ್ಮೆಂಟ್ಸ್ ಅನ್ನೂ ಕಂಪನಿ ನೂರಕ್ಕೂ ಹೆಚ್ಚು ಮಂದಿಯನ್ನ ಕೊರಿಯಾಕ್ಕ ಕಳಿಸಿ ಕೆಲಸ ಕಲಿಸ್ತು. 2013ರ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಮಂದಿ ಇದ ಕೆಲಸದಾಗ ಇದ್ರು. ಮಿಶಿನ್ನು ದೇಶ ದಾಟಿ ಬಂತು, ನ್ಯೂಯಾರ್ಕಿನಾಗ 146 ಜೀವ ಕೊಟ್ಟು ಗಳಿಸಿದ ಕಾಯದೆ ಅದರ ಜೋಡಿ ಬರ್ಲಿಲ್ಲ.

ರಾಣಾ ಪ್ಲಾಜಾ ಬಿದ್ದ ಮ್ಯಾಲೆ ಮಾತ್ರ ಒಂದು ಹೊಸಾದು ಆತು. 2013ರ ಮೇ ತಿಂಗಳಾಗ ಕಂಪನಿಗಳು ಮತ್ತ ಕಾರ್ಮಿಕ ಸಂಘಗಳು ಕೂಡಿ 'ಅಕಾರ್ಡ್' ಅಂತ ಒಂದು ಕರಾರಿಗೆ ಸಹಿ ಹಾಕಿದ್ರು. ಇದು ಬರೇ ಬಾಯಿಮಾತಲ್ಲ, ಮುರದ್ರ ಕಾನೂನಿನ ಪ್ರಕಾರ ಕೇಳಬಹುದು. ತಪಾಸಣಿ ಖರ್ಚು ಕಂಪನಿ ಕೊಡಬೇಕು, ವರದಿ ಎಲ್ಲಾರಿಗೂ ತೋರಿಸಬೇಕು, ರಿಪೇರಿಗೆ ರೊಕ್ಕ ಸಿಗೂಹಂಗ ನೋಡಬೇಕು. ಅಪಾಯ ಅನ್ನಿಸಿದ್ರ ಒಳಗ ಹೋಗೂದಿಲ್ಲ ಅನ್ನೂ ಹಕ್ಕು ಕೆಲಸದಾಕಿಗೆ ಅದ. ಏಪ್ರಿಲ್ 24ರ ಮುಂಜಾನೆ ಆ ಹುಡುಗ್ಯಾರಿಗೆ ಬೇಕಾಗಿದ್ದದ್ದು ಇದ ಒಂದು. 190ಕ್ಕೂ ಹೆಚ್ಚು ಕಂಪನಿ ಒಪ್ಪಿದ್ವು, ಸುಮಾರು 1600 ಫ್ಯಾಕ್ಟರಿ ಇದರಾಗ ಬಂದ್ವು. ಮಾತು ಉಳಿಸಿಕೊಳ್ಳದ ಎರಡು ಕಂಪನಿ ಮ್ಯಾಲೆ ಸಂಘದವರು ಹೇಗ್ ನಗರದಾಗ ದಾವೆ ಹೂಡಿದ್ರು, 2018ರಾಗ ಒಂದು ಕಂಪನಿ 23 ಲಕ್ಷ ಡಾಲರ್ ಕೊಡಲಿಕ್ಕೆ ಒಪ್ಪಿತು. ವಾಲ್‌ಮಾರ್ಟ್, ಗ್ಯಾಪ್ ಈ ಕರಾರಿಗೆ ಸಹಿ ಹಾಕ್ಲಿಲ್ಲ, ಬ್ಯಾರೆ ಒಂದು ಕೂಟ ಮಾಡಿಕೊಂಡ್ವು. ಸತ್ತವರ ಮನಿಯವರಿಗೆ, ಗಾಯ ಆದವರಿಗೆ ಅಂತ ಕೂಡಿಸಿದ 3 ಕೋಟಿ ಡಾಲರ್ ನಿಧಿ ತುಂಬಲಿಕ್ಕೆ ಎರಡು ವರ್ಷ ಹಿಡೀತು.

ನಮ್ಮ ಕರ್ನಾಟಕದಾಗ ಇದೆಲ್ಲಾ ಇಲ್ಲ ಅನ್ಕೋಬ್ಯಾಡ್ರಿ. ವಿದೇಶದ ಅಂಗಡಿಗಳಿಗೆ ಬೆಂಗಳೂರಿನ ಗಾರ್ಮೆಂಟ್ಸ್‌ನಾಗೂ ಹೊಲೀತಾರ. 2020ರ ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಲಕ್ಷಗಟ್ಟಲೆ ಮಂದಿಗೆ ಎರಡು ವರ್ಷದ ತನಕ ಸಿಗ್ಲಿಲ್ಲ. ಸಂಘದವರು ಬೆನ್ನು ಹತ್ತಿದ್ರು, ಬಟ್ಟಿ ಕೊಳ್ಳೂ ಕಂಪನಿಗಳೂ ಒತ್ತಾಯ ಮಾಡಿದ್ವು, ಆಮ್ಯಾಲೆ ಬಾಕಿ ಕೊಡಲಿಕ್ಕೆ ಶುರು ಮಾಡಿದ್ರು. ಅಂದ್ರ ಮ್ಯಾಲಿನವರು ಮನಸ್ಸು ಮಾಡಿದ್ರ ಹಗ್ಗದ ತುದಿ ಅವರ ಕೈಯಾಗ ಅದ ಅಂತಾತು.

ಹಂಗಾದ್ರ ಆ ಬಟ್ಟಿ ತಗೋಬಾರದೇನು ಅಂತ ಅಕ್ಕನ ಮಗಳು ಕೇಳಿದ್ಲು. ಹಂಗಲ್ಲ. ಆರ್ಡರ್ ನಿಲ್ಲಿಸಬ್ಯಾಡ್ರಿ, ನಮ್ಮ ಒಲಿ ಆರ್ತದ ಅಂತ ಬಾಂಗ್ಲಾದೇಶದ ಕಾರ್ಮಿಕ ಸಂಘದವರ ಹೇಳ್ಯಾರ. ಈಗ ಆ ಕರಾರು ಅಂತರರಾಷ್ಟ್ರೀಯ ಅಕಾರ್ಡ್ ಆಗೇದ, ಸಹಿ ಹಾಕಿದ ಕಂಪನಿಗಳ ಪಟ್ಟಿ ಯಾರು ಬೇಕಾದ್ರೂ ನೋಡಬಹುದು. "ನೀ ತಗೊಳ್ಳೂ ಅಂಗಡಿ ಅದರಾಗ ಅದನೋ ಇಲ್ಲೋ ನೋಡು. ಇಲ್ಲಂದ್ರ ಯಾಕಿಲ್ಲ ಅಂತ ಒಂದು ಪತ್ರ ಬರಿ. ಗಿರಾಕಿ ಕೇಳಿದ್ರ ಅಂಗಡಿಯವರು ಉತ್ತರ ಕೊಡಬೇಕಾಗ್ತದ" ಅಂದೆ. ಅಕಿ ಅಲ್ಲೇ ಫೋನ್ ತಗದು ಹುಡುಕಲಿಕ್ಕೆ ಕೂತ್ಲು.

ಸಂಜಿಕೆ ಮೊಮ್ಮಗ ಆ ಹೊಸ ಅಂಗಿ ಹಾಕ್ಕೊಂಡು ಓಣಿ ತುಂಬ ಓಡ್ಯಾಡಿದ. ಒಂದು ಗುಂಡಿನೂ ಸಡ್ಲ ಇರ್ಲಿಲ್ಲ. ಹೊಲದಾಕಿ ತನ್ನ ಕೆಲಸದಾಗ ಏನೂ ಕಡಿಮಿ ಮಾಡಿರ್ಲಿಲ್ಲ.