ಗುಣ ಕಂಡದ್ದೇ ಪುರಾವೆಯೆ? ವಯಸ್ಕರ ಬೆನ್ನುಮೂಳೆಯ ಸೋಂಕಿನಲ್ಲಿ ಕ್ಷಯೌಷಧದ ಪರೀಕ್ಷಾರ್ಥ ಬಳಕೆ

ವಯಸ್ಕ ರೋಗಿಗೆ ತಿಂಗಳುಗಟ್ಟಲೆ ಬೆನ್ನುನೋವು, ಸಂಜೆಯಾದರೆ ಜ್ವರ. ಎಂಆರ್‌ಐಯಲ್ಲಿ ಅಕ್ಕಪಕ್ಕದ ಎರಡು ಕಶೇರುಗಳೂ ನಡುವಿನ ಡಿಸ್ಕೂ ಕೆಟ್ಟಿರುವುದು ಕಾಣುತ್ತದೆ. ಭಾರತದಲ್ಲಿ ಇಂಥ ಚಿತ್ರಕ್ಕೆ ಮೊದಲು ಹೊಳೆಯುವ ಹೆಸರು ಕ್ಷಯ. ಅದು ಸಹಜ, ಬಹಳಷ್ಟು ಸಲ ಸರಿಯೂ ಹೌದು. ತಕರಾರಿರುವುದು ಮುಂದಿನ ಹೆಜ್ಜೆಯ ಬಗ್ಗೆ. ಮೂಳೆಯ ತುಣುಕು ತೆಗೆಯದೆಯೇ ಕ್ಷಯೌಷಧ ಶುರುಮಾಡಿ, ಎರಡು ತಿಂಗಳಲ್ಲಿ ನೋವು ಇಳಿದರೆ ರೋಗ ಕ್ಷಯವೇ ಎಂದು ತೀರ್ಮಾನಿಸುವ ರೂಢಿಯೊಂದಿದೆ. ಈ ತೀರ್ಮಾನ ತರ್ಕಕ್ಕೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಹಿನ್ನೆಲೆ ಚಿರಪರಿಚಿತ. 1779ರಲ್ಲಿ ಪರ್ಸಿವಲ್ ಪಾಟ್ ಬೆನ್ನು ಬಾಗಿ ಕಾಲು ಸೋಲುವ ರೋಗವನ್ನು ವಿವರಿಸಿದರು. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ, ಮುಂದೆ ಬ್ರುಸೆಲ್ಲಾ ಎಂದು ಹೆಸರಾದ ಜೀವಾಣುವನ್ನು ಬೇರ್ಪಡಿಸಿದರು. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ 1911ರ ಸುಮಾರಿಗೆ ರಂಗೂನಿನಲ್ಲಿ ಮೆಲಿಯೋಯ್ಡೋಸಿಸ್ ಗುರುತಿಸಿದರು. ವಾರಾಣಸಿಯ ಎಸ್. ಎಂ. ತುಲಿ 1975ರಲ್ಲಿ ಪ್ರಕಟಿಸಿದ 'ಮಧ್ಯಮ ಮಾರ್ಗ' ಬೆನ್ನುಮೂಳೆಯ ಕ್ಷಯದಲ್ಲಿ ಔಷಧಕ್ಕೆ ಮೊದಲ ಸ್ಥಾನ ಕೊಟ್ಟು, ಶಸ್ತ್ರಚಿಕಿತ್ಸೆಯನ್ನು ಅಗತ್ಯವಿದ್ದವರಿಗಷ್ಟೇ ಮೀಸಲಿಟ್ಟಿತು. ಈ ಸಂಯಮದ ಬಗ್ಗೆ ಇಂದು ವಿವಾದವಿಲ್ಲ. ಆದರೆ ಮಧ್ಯಮ ಮಾರ್ಗ ಉತ್ತರಿಸಿದ್ದು ಕ್ಷಯ ಪೀಡಿತ ಬೆನ್ನಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ. ಬೆನ್ನಿನಲ್ಲಿರುವುದು ಕ್ಷಯವೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದರ ಯಶಸ್ಸನ್ನು ಎರಡನೆಯದಕ್ಕೆ ಸಾಕ್ಷಿಯಾಗಿ ಹಿಡಿಯಲಾಗದು.

ತೊಡಕಿನ ಮೂಲ ರಿಫಾಂಪಿಸಿನ್. ಕ್ಷಯೌಷಧ ಸಂಯೋಜನೆಯ ಆಧಾರಸ್ತಂಭವಾದ ಈ ಔಷಧ ಕ್ಷಯಾಣುವಿಗಷ್ಟೇ ಸೀಮಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಬ್ರುಸೆಲ್ಲೋಸಿಸ್‌ಗೆ ಸೂಚಿಸಿದ ಎರಡು ಕ್ರಮಗಳಲ್ಲಿ ಒಂದು ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, ಇನ್ನೊಂದು ಡಾಕ್ಸಿಸೈಕ್ಲಿನ್ ಜೊತೆ ಸ್ಟ್ರೆಪ್ಟೊಮೈಸಿನ್. ಸ್ಟ್ರೆಪ್ಟೊಮೈಸಿನ್ ಕೂಡ ಕ್ಷಯದ ಹಳೆಯ ಔಷಧವೇ. ಮೂಳೆಯ ಸ್ಟಫೈಲೊಕಾಕಸ್ ಸೋಂಕಿನಲ್ಲೂ ರಿಫಾಂಪಿಸಿನ್ ಅನ್ನು ಜೊತೆ ಔಷಧವಾಗಿ ಬಳಸುತ್ತಾರೆ. ಹೀಗಿರುವಾಗ ಬ್ರುಸೆಲ್ಲಾ ಪೀಡಿತ ಬೆನ್ನಿಗೆ ಕ್ಷಯೌಷಧ ಕೊಟ್ಟರೆ ಆಗುವುದೇನು? ಐಸೋನಿಯಾಜಿಡ್, ಪೈರಾಜಿನಮೈಡ್, ಎಥಾಂಬ್ಯುಟಾಲ್‌ಗಳಿಂದ ಅಲ್ಲಿ ನೆಚ್ಚಬಹುದಾದ ಪ್ರಯೋಜನವಿಲ್ಲ. ರಿಫಾಂಪಿಸಿನ್ ಒಂಟಿಯಾಗಿ ಕೆಲಸ ಮಾಡುತ್ತದೆ. ಜ್ವರ ಬಿಡಬಹುದು, ನೋವು ತಗ್ಗಬಹುದು. ಆದರೆ ಒಂಟಿ ಔಷಧದಿಂದ ಬ್ರುಸೆಲ್ಲೋಸಿಸ್ ಮರುಕಳಿಸುವುದು ಹೆಚ್ಚು. ಹಾಗೆ ಮರುಕಳಿಸಿದಾಗ ಕಡತದಲ್ಲಿ ಏರುವ ಹೆಸರು ಬ್ರುಸೆಲ್ಲಾ ಅಲ್ಲ, ಔಷಧ ನಿರೋಧಕ ಕ್ಷಯ. ಮೊದಲ ಊಹೆ ತಪ್ಪಿರಬಹುದೆಂಬ ಸೂಚನೆಯೇ ಅದನ್ನು ಇನ್ನಷ್ಟು ಗಟ್ಟಿಮಾಡುತ್ತದೆ.

ಇದಕ್ಕೆ ಬರುವ ಪ್ರಬಲ ಆಕ್ಷೇಪ: ಚಿತ್ರಣವೇ ಎರಡನ್ನೂ ಬೇರ್ಪಡಿಸುವುದಿಲ್ಲವೆ? ಭಾಗಶಃ ಹೌದು. ಕ್ಷಯ ಹೆಚ್ಚಾಗಿ ಎದೆ ಮತ್ತು ಎದೆ-ಸೊಂಟ ಕೂಡುವ ಭಾಗವನ್ನು ಹಿಡಿಯುತ್ತದೆ. ದೊಡ್ಡ ಬಾವು, ಕಶೇರು ಕುಸಿತ, ಗೂನು ಅದರ ಗುರುತುಗಳು. ಬ್ರುಸೆಲ್ಲಾಕ್ಕೆ ಕೆಳಸೊಂಟದ ಒಲವು. ಕಶೇರುವಿನ ಆಕಾರ ಬಹುಮಟ್ಟಿಗೆ ಉಳಿದು, ಮುಂದಿನ ಮೇಲ್ಮೂಲೆ ಸವೆದಿರುತ್ತದೆ. ಪೆದ್ರೊ ಪೋನ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ಚಿಹ್ನೆ ಅದೇ. ಇವು ಗುಂಪುಗಳ ನಡುವಿನ ಒಲವುಗಳೇ ಹೊರತು ಒಬ್ಬ ರೋಗಿಯ ಮಟ್ಟದ ತೀರ್ಪುಗಳಲ್ಲ. ಸೊಂಟದ ಕ್ಷಯವೂ ಉಂಟು, ಬಾವು ಕಟ್ಟಿದ ಬ್ರುಸೆಲ್ಲಾವೂ ಉಂಟು.

ಅಂಗಾಂಶ ಪರೀಕ್ಷೆಗೂ ಮಿತಿಯಿದೆ ಎಂದು ತೋರಿಸುವುದು ಮೆಲಿಯೋಯ್ಡೋಸಿಸ್. ಮಣಿಪಾಲದಿಂದ ಬಂದ ವರದಿಗಳು ಕರ್ನಾಟಕದ ಕರಾವಳಿಯಲ್ಲಿ ಈ ರೋಗ ನೆಲೆಸಿದೆ ಎಂಬುದನ್ನು ಸ್ಥಾಪಿಸಿವೆ. ಮಳೆಗಾಲ, ಕೆಸರುಗದ್ದೆ, ಹತೋಟಿಯಿಲ್ಲದ ಮಧುಮೇಹ ಇದರ ಸಂಗಾತಿಗಳು. ಇದರ ಗ್ರ್ಯಾನ್ಯುಲೋಮಾದ ನಡುವೆ ಕೊಳೆತ ಕಂಡರೆ ಸೂಕ್ಷ್ಮದರ್ಶಕದಡಿ ಕ್ಷಯವೆಂದೇ ತೋರಬಹುದು. ಕಲ್ಚರ್‌ನಲ್ಲಿ ಬೆಳೆದ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲೈಯನ್ನು ಸ್ಯೂಡೊಮೊನಾಸ್ ಎಂದೋ ಹೊರಗಿನ ಕಲಬೆರಕೆ ಎಂದೋ ಬದಿಗಿಡುವ ಅಪಾಯವೂ ಇದೆ. ಜೆಂಟಾಮೈಸಿನ್, ಕೊಲಿಸ್ಟಿನ್‌ಗಳಿಗೆ ಜಗ್ಗದೆ ಕೊ-ಅಮಾಕ್ಸಿಕ್ಲಾವ್‌ಗೆ ಮಣಿಯುವ ಗ್ರಾಮ್ ನೆಗೆಟಿವ್ ಕಡ್ಡಿ ಕಂಡರೆ ಪ್ರಯೋಗಾಲಯ ಎಚ್ಚರಗೊಳ್ಳಬೇಕು. ಇದರ ಚಿಕಿತ್ಸೆಯೇ ಬೇರೆ: ಮೂಳೆ ಸೋಂಕಿಗೆ ಕನಿಷ್ಠ 6 ವಾರ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ರಕ್ತನಾಳದ ಮೂಲಕ, ಆಮೇಲೆ ತಿಂಗಳುಗಟ್ಟಲೆ ಕೊ-ಟ್ರೈಮಾಕ್ಸಜೋಲ್.

ಹಾಗಾದರೆ ಕ್ರಮ ಹೇಗಿರಬೇಕು? ನರದೌರ್ಬಲ್ಯವಾಗಲಿ ರಕ್ತನಂಜಾಗಲಿ ಇಲ್ಲದ ರೋಗಿಯಲ್ಲಿ ಜೀವಾಣು ಪತ್ತೆಯಾಗುವವರೆಗೆ ಔಷಧ ತಡೆಹಿಡಿಯಬೇಕೆಂಬ ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘದ 2015ರ ಸಲಹೆ ನಮಗೂ ಒಪ್ಪುತ್ತದೆ. ರಕ್ತದ ಕಲ್ಚರ್, ಬ್ರುಸೆಲ್ಲಾ ಅಗ್ಲುಟಿನೇಶನ್ ಪರೀಕ್ಷೆ, ಬಳಿಕ ಸೂಜಿ ಬಯಾಪ್ಸಿ. ತೆಗೆದ ತುಣುಕೆಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್‌ನ ದಾರಿಯೇ ಮುಚ್ಚುತ್ತದೆ. ಒಂದು ಪಾಲು ಸ್ಟೆರೈಲ್ ಸಲೈನ್‌ನಲ್ಲಿ ಹೋಗಬೇಕು. ಬ್ರುಸೆಲ್ಲಾ ಶಂಕೆಯನ್ನು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು, ಏಕೆಂದರೆ ಅದು ಅಲ್ಲಿನ ಸಿಬ್ಬಂದಿಗೇ ತಗಲಬಲ್ಲದು. ಇದೆಲ್ಲಕ್ಕೂ ಮೊದಲು ಕೇಳಬೇಕಾದ, ಖರ್ಚಿಲ್ಲದ ಪ್ರಶ್ನೆ: ಕೊಟ್ಟಿಗೆಯಲ್ಲಿ ದನ, ಕುರಿ ಕಂದು ಹಾಕಿದ್ದುಂಟೆ, ಹಸಿ ಹಾಲು ಕುಡಿಯುವ ರೂಢಿಯಿದೆಯೆ?

ಬ್ರುಸೆಲ್ಲಾ ಖಚಿತವಾಗಿ ಕ್ಷಯದ ಶಂಕೆ ಪೂರ್ತಿ ತೊಲಗದಿದ್ದರೆ, ಮೊದಲ ದಿನಗಳಲ್ಲಿ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಬದಲು ಜೆಂಟಾಮೈಸಿನ್ ಕೊಡುವುದು ನನ್ನ ದೃಷ್ಟಿಯಲ್ಲಿ ಲೇಸು. ಅದು ಅಡಗಿರಬಹುದಾದ ಕ್ಷಯವನ್ನು ಅರೆಬರೆ ಔಷಧದಿಂದ ಮರೆಮಾಚುವುದಿಲ್ಲ, ರಿಫಾಂಪಿಸಿನ್ ನಿರೋಧಕ್ಕೂ ಎಡೆಕೊಡುವುದಿಲ್ಲ. ಬೆನ್ನುಮೂಳೆಯ ಬ್ರುಸೆಲ್ಲಾಕ್ಕೆ ಒಟ್ಟು ಅವಧಿ ಸುಮಾರು 3 ತಿಂಗಳು. ಕ್ಷಯಕ್ಕಾದರೆ 2016ರ ಭಾರತೀಯ ಇಂಡೆಕ್ಸ್-ಟಿಬಿ ಮಾರ್ಗಸೂಚಿಯಂತೆ 12 ತಿಂಗಳು.

ನನ್ನ ವಾದವನ್ನು ಇದಕ್ಕಿಂತ ಹಿಗ್ಗಿಸಬಾರದು. ಪರೀಕ್ಷಾರ್ಥ ಚಿಕಿತ್ಸೆ ಎಂದಿಗೂ ಸಲ್ಲದು ಎಂದು ನಾನು ಹೇಳುತ್ತಿಲ್ಲ. ಕಾಲು ಸೋಲುತ್ತಿರುವ ರೋಗಿಯ ಮುಂದೆ ಕಲ್ಚರ್ ಕಾಯುತ್ತ ಕೂರಲಾಗದು. ಬಯಾಪ್ಸಿ ಸೌಲಭ್ಯವೇ ಇಲ್ಲದ ತಾಲ್ಲೂಕಿನಲ್ಲಿ ಕ್ಷಯೌಷಧ ಕೊಡುವುದು ಸಮರ್ಥನೀಯವೂ ಆಗಬಹುದು. ಕ್ಷಯಾಣು ಕಡಿಮೆಯಿರುವ ಮೂಳೆಯಲ್ಲಿ ಕಲ್ಚರ್ ಬರಿದಾಗಿ ಬಂದ ಮಾತ್ರಕ್ಕೆ ಕ್ಷಯವಿಲ್ಲವೆಂದೂ ಆಗುವುದಿಲ್ಲ. ನಾನು ಒತ್ತಿಹೇಳುವುದು ಇಷ್ಟೇ: ಅಂಥಲ್ಲಿ ಚಿಕಿತ್ಸೆ ಚಿಕಿತ್ಸೆಯಾಗಿಯೇ ಉಳಿಯಲಿ, ರೋಗನಿರ್ಣಯದ ಜಾಗಕ್ಕೆ ಬರದಿರಲಿ. ಕಡತದಲ್ಲಿ 'ಶಂಕಿತ' ಎಂಬ ಪದ ಅಳಿಸದೆ ಇದ್ದರೆ, ಮರುಕಳಿಸಿದಾಗ ಮೊದಲ ಯೋಚನೆ ಔಷಧ ಬದಲಿಸುವತ್ತ ಹೋಗದೆ ತುಣುಕು ತೆಗೆಯುವತ್ತ ಹೋಗುತ್ತದೆ.

ಬಗೆಹರಿಯದ ಎರಡು ಸಂಗತಿಗಳಿವೆ. ದನಕರುಗಳ ನಡುವೆಯೇ ಬಾಳುವವರಲ್ಲಿ ರೋಗವಿಲ್ಲದೆಯೂ ಅಗ್ಲುಟಿನೇಶನ್ ಪ್ರಮಾಣ ಏರಿರಬಹುದಾದ್ದರಿಂದ, ರೂಢಿಯ 1:160 ಮಿತಿ ನಮ್ಮ ಹಳ್ಳಿಗಳಿಗೆ ಎಷ್ಟು ಹೊಂದುತ್ತದೆ ಎಂಬುದು ಒಂದು. ಬಯಾಪ್ಸಿ ಎರಡು ಸಲವೂ ಬರಿದಾದ, ಆದರೆ ನರದೌರ್ಬಲ್ಯವಿಲ್ಲದ ರೋಗಿಯಲ್ಲಿ ಎಷ್ಟು ಕಾಲ ಕಾಯಬಹುದು ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಬೇಕಾದರೆ, ಕ್ಷಯೌಷಧಕ್ಕೆ 'ಗುಣವಾದ'ವರನ್ನೂ ಔಷಧ ನಿಂತ ಮೇಲೆ ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನ ನಡೆಯಬೇಕು.